ಬಣ್ಣ ಹೋಗಲಿ, ಕೋವಿಯ ಕಪ್ಪು ಉಳಿಯಲಿ

ಮಗಾ,

ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ತಾತನ .315 ರೈಫಲ್ಲಿನ ನಳಿಗೆ, ಬೋಲ್ಟಿನ ಹಿಡಿ, ಮ್ಯಾಗಜಿನ್, ಟ್ರಿಗರ್ ಗಾರ್ಡ್, ಮರ, ಎಲ್ಲದರ ಮೇಲೂ ಹಸಿರು ಸ್ಪ್ರೇ, ಅದರ ಮೇಲೆ ಮಣ್ಣಿನ ಬಣ್ಣದ ಪಟ್ಟೆ. ಮಿಲಿಟರಿ ಕೋವಿಯ ಹಾಗೆ ಕಾಣಲಿ ಅಂತ ಮನೆಯ ಹುಡುಗರೇ ಮಾಡಿದ ಕೆಲಸ. ಅವರನ್ನು ಬೈಯುತ್ತ ಕೂರಬೇಡ. ಸ್ಪ್ರೇ ಬಣ್ಣದಿಂದ ಉಕ್ಕಿಗೆ ಆಗುವ ನಷ್ಟ ಕಡಿಮೆ, ಅದನ್ನು ತೆಗೆಯುವ ಕೈಯಿಂದ ಆಗುವ ನಷ್ಟವೇ ಹೆಚ್ಚು. ಮಳೆಗೂ ತುಕ್ಕಿಗೂ ಜಗ್ಗದೆ ಉಳಿದ ಕೋವಿಗಳು ಒಂದು ಮಧ್ಯಾಹ್ನದ ಸ್ಯಾಂಡ್ ಪೇಪರಿಗೆ ಬಲಿಯಾದದ್ದನ್ನು ನಮ್ಮ ನಾಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂತು, ಕೋವಿ ಪೂಜೆಗೆ ಇಡುವಷ್ಟರಲ್ಲಿ ಮೊದಲಿನ ಹಾಗೆ ಆಗಬೇಕು ಅಂತ ಬರೆದಿದ್ದೀಯ. ಆಗುತ್ತದೆ. ಒಂದೇ ದಿನದಲ್ಲಿ ಮುಗಿಸಲು ಮಾತ್ರ ಹೋಗಬೇಡ. ಇವತ್ತು ಮ್ಯಾಗಜಿನ್, ನಾಳೆ ಟ್ರಿಗರ್ ಗಾರ್ಡ್, ಹೀಗೆ ಒಂದೊಂದೇ ಭಾಗ ಹಿಡಿ. ನಳಿಗೆಗೆ ಎರಡು ದಿನ ಬೇಕಾದರೂ ಕೊಡು. ಮರವನ್ನು ಕೊನೆಗೆ ಇಟ್ಟುಕೋ.

ಅಂಗಡಿಗೆ ಓಡಿ ರಿಮೂವರ್ ತರುವ ಮೊದಲು ಆ ಹಸಿರಿನ ಕೆಳಗೆ ಏನಿದೆ ಎಂದು ತಿಳಿದುಕೋ. ಎಲ್ಲ ತೀರ್ಮಾನವೂ ಅದರ ಮೇಲೆ ನಿಂತಿದೆ. ಕೋವಿಯ ಉಕ್ಕಿನ ಮೇಲೆ ಕಾಣುವ ನೀಲಿಗಪ್ಪು ಹೊಳಪಿಗೆ ಬ್ಲೂಯಿಂಗ್ ಎನ್ನುತ್ತಾರಲ್ಲ, ಅದು ಬಳಿದ ಬಣ್ಣವಲ್ಲ. ಉಕ್ಕಿನ ಮೈಯನ್ನೇ ಬೇಕೆಂದು ಆಕ್ಸೈಡ್ ಮಾಡಿದ ಪದರ. ಕೆಂಪು ತುಕ್ಕೂ ಕಬ್ಬಿಣದ ಆಕ್ಸೈಡೇ, ಈ ಕಪ್ಪೂ ಕಬ್ಬಿಣದ ಆಕ್ಸೈಡೇ. ಕೆಂಪು ಉಕ್ಕನ್ನು ತಿನ್ನುತ್ತದೆ, ಕಪ್ಪು ಎಣ್ಣೆಯನ್ನು ಹಿಡಿದಿಟ್ಟುಕೊಂಡು ಅಷ್ಟಿಷ್ಟು ಕಾಯುತ್ತದೆ. ಈ ಪದರ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ತೆಳ್ಳಗೆ. ಒರಟು ಕಾಗದದ ನಾಲ್ಕು ಎಳೆತಕ್ಕೆ ಬಿಳಿ ಉಕ್ಕು ಕಾಣುತ್ತದೆ, ಹೋದದ್ದು ಮನೆಯಲ್ಲಿ ಮತ್ತೆ ಅದೇ ರೀತಿ ಬರುವುದಿಲ್ಲ.

ಈ ಕಪ್ಪಿಗೆ ಥಿನ್ನರ್, ಅಸಿಟೋನ್, ಟರ್ಪೆಂಟೈನ್, ಸ್ಪಿರಿಟ್ ಯಾವುದರಿಂದಲೂ ಏನೂ ಆಗುವುದಿಲ್ಲ. ಇವು ಬಣ್ಣವನ್ನು ಕರಗಿಸುತ್ತವೆ, ಎಣ್ಣೆಯನ್ನು ಒಯ್ಯುತ್ತವೆ, ಆಕ್ಸೈಡನ್ನು ಮುಟ್ಟುವುದಿಲ್ಲ. ಅದರ ಶತ್ರು ಹುಳಿ. ಹುಳಿ ಅಂದರೆ ನಿಂಬೆ, ಹುಣಸೆ, ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್, ತುಕ್ಕು ಬಿಡಿಸಲು ಅಂತ ಮಾರುವ ದ್ರಾವಣ, ಕೋಲಾ, ಎಲ್ಲವೂ. ದೇವರ ಮನೆಯ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಉಜ್ಜಿ ಫಳಫಳ ಮಾಡಿದ ಕೈಗಳು ಕೋವಿಗೂ ಅದನ್ನೇ ಮಾಡಲು ಹೊರಡುತ್ತವೆ. ನಮ್ಮ ಕಡೆಯ ಇನ್ನೊಂದು ಅಪಾಯ ಕಾಚಂಪುಳಿ ಎಂಬ ಅಡುಗೆಯ ಹುಳಿ. ಪಂದಿಕರಿಗೆ ಅದಿಲ್ಲದೆ ನಡೆಯುವುದಿಲ್ಲ, ಕೋವಿಯ ಹತ್ತಿರ ಮಾತ್ರ ಅದನ್ನು ತರಬೇಡ. ಕಾಚಂಪುಳಿ ಸವರಿದ ಒಂದು ಜೋಡುನಳಿಗೆ ಕೋವಿಯನ್ನು ನೋಡಿದ್ದೇನೆ. ಎರಡು ನಳಿಗೆಯ ಮೇಲೂ ಬೆರಳು ಹೋದ ಕಡೆಯೆಲ್ಲ ಬೂದಿಬಣ್ಣದ ಪಟ್ಟೆ ಎದ್ದಿತ್ತು. ತೆಗೆಯಬೇಕಿದ್ದ ಪೇಂಟಿನ ಚುಕ್ಕೆಗಳು ಮಾತ್ರ ಇದ್ದಲ್ಲೇ ಇದ್ದವು. ಹುಳಿಗೆ ಪೇಂಟ್ ಕರಗುವುದಿಲ್ಲ, ಕಪ್ಪು ಕರಗುತ್ತದೆ.

ಎಲ್ಲ ರೈಫಲ್ಲಿನ ಮೇಲೂ ಬ್ಲೂಯಿಂಗೇ ಇರುತ್ತದೆ ಎಂದುಕೊಳ್ಳಬೇಡ. ಕೆಲವಕ್ಕೆ ಫಾಸ್ಫೇಟ್ ಪದರ ಇರುತ್ತದೆ. ಬೂದುಗಪ್ಪು, ಹೊಳಪಿಲ್ಲ, ಮುಟ್ಟಿದರೆ ನುಣ್ಣನೆಯ ಮರಳುಕಾಗದದ ಹಾಗೆ ತರಿತರಿ. ಅದೂ ಥಿನ್ನರಿಗೆ ಹೆದರುವುದಿಲ್ಲ, ಹುಳಿಗೆ ಹೆದರುತ್ತದೆ. ಸಣ್ಣ ರಂಧ್ರಗಳಿರುವುದರಿಂದ ಬಣ್ಣ ಒಳಗೆ ಕೂತು ಕಾಡುತ್ತದೆ ಅಷ್ಟೆ. ಇನ್ನು ಸೇನೆಯಿಂದ ಬಂದ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ಲುಗಳಲ್ಲಿ ಉಕ್ಕಿನ ಮೇಲೆ ಕಪ್ಪು ಪೇಂಟನ್ನೇ ಬಳಿದು ಕಾಯಿಸಿ ಗಟ್ಟಿ ಮಾಡಿದ್ದೂ ಉಂಟು. ಅಂಥದ್ದಕ್ಕೆ ಥಿನ್ನರ್ ಬಟ್ಟೆ ಸುತ್ತಿಟ್ಟರೆ ಹುಡುಗರ ಹಸಿರಿನ ಜೊತೆ ಕಾರ್ಖಾನೆಯ ಕಪ್ಪೂ ಹೋಗಬಹುದು.

ನಿನ್ನದು ಯಾವುದು ಎಂದು ತಿಳಿಯುವ ದಾರಿ ಸುಲಭ. ಸ್ಪ್ರೇ ಹೊಡೆದವರು ಮರ ಬಿಚ್ಚಿ ಹೊಡೆದಿರುವುದಿಲ್ಲ. ಮುಂಭಾಗದ ಮರ ತೆಗೆದರೆ ಅದರ ಅಡಿಯಲ್ಲಿರುವ ನಳಿಗೆ ಮೊದಲಿನ ರೂಪದಲ್ಲೇ ಇರುತ್ತದೆ. ಅಲ್ಲಿ ಅಸಿಟೋನ್ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿ. ಹತ್ತಿಗೆ ಹಳೆ ಎಣ್ಣೆಯ ಕಂದು ಮಾತ್ರ ಹತ್ತಿ, ಉಕ್ಕು ಹಾಗೇ ಇದ್ದರೆ ಬ್ಲೂಯಿಂಗ್ ಅಥವಾ ಫಾಸ್ಫೇಟ್; ನಿಶ್ಚಿಂತೆ. ಮೈ ಮೆತ್ತಗಾಗಿ ಹತ್ತಿಗೆ ಕಪ್ಪು ಬಂದರೆ ಅದು ಪೇಂಟ್, ಅಲ್ಲಿಗೆ ನಿಲ್ಲಿಸಿ ನನಗೆ ಫೋನ್ ಮಾಡು.

ಮರ ಬಿಚ್ಚುವಾಗ ಒಂದು ಎಚ್ಚರ. ನಿಮ್ಮದು ಲೀ-ಎನ್‌ಫೀಲ್ಡ್ ಮಾದರಿ, ಹಿಂದಿನ ಬಟ್ಟು ಬೇರೆ, ಮುಂದಿನ ಮರ ಬೇರೆ. ಬಟ್ಟನ್ನು ಹಿಡಿದಿರುವ ಉದ್ದ ಬೋಲ್ಟಿನ ತುದಿ ಮುಂದಿನ ಮರದ ಹಿಂಬದಿಯ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಬಟ್ಟಿನ ಬೋಲ್ಟನ್ನು ಮೊದಲು ತಿರುಗಿಸಿದರೆ ಮುಂದಿನ ಮರ ಸೀಳುತ್ತದೆ. ಆದ್ದರಿಂದ ಮುಂದಿನ ಮರ ಮೊದಲು, ಬಟ್ಟು ಆಮೇಲೆ. ಈ ಕೆಲಸಕ್ಕೆ ಬಟ್ಟು ಬಿಚ್ಚುವ ಅಗತ್ಯವೇ ಇಲ್ಲ, ಅದನ್ನು ಇದ್ದಲ್ಲಿಯೇ ಬಿಡು. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂರಬೇಕು. ಗೀರಿನಲ್ಲಿ ತುಂಬಿರುವ ಪೇಂಟನ್ನು ಮೊದಲು ತೆಗೆ, ಇಲ್ಲದಿದ್ದರೆ ಜಾರಿ ಗೀರು ಹರಿದುಹೋಗುತ್ತದೆ.

ಇದಕ್ಕೆಲ್ಲ ಮುಂಚೆ ಬೋಲ್ಟ್ ಹೊರಗೆ ತೆಗೆದು, ಮ್ಯಾಗಜಿನ್ ಬಿಡಿಸಿ, ತೋಟೆ ಇರುವ ಜಾಗವನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡು. ತೋಟೆಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡು. ಥಿನ್ನರೋ ಎಣ್ಣೆಯೋ ತೋಟೆಯ ಕೇಪಿನ ಒಳಗಿಳಿದರೆ ಅದು ಹಾರದೆ ಕೂರಬಹುದು, ಹಾರದ ತೋಟೆಯಷ್ಟು ನಂಬಲಾಗದ್ದು ಇನ್ನೊಂದಿಲ್ಲ. ನಳಿಗೆಯ ಬಾಯಿಗೆ ಹಿಂದೆ ಮುಂದೆ ಬಟ್ಟೆಯ ಬಿರಡೆ ಕೊಡು, ಕರಗಿದ ಬಣ್ಣ ಒಳಗೆ ಇಳಿಯಬಾರದು. ಆ ಬಿರಡೆಗೆ ಉದ್ದನೆಯ ಕೆಂಪು ದಾರ ಕಟ್ಟಿ ಹೊರಗೆ ನೇತಾಡುವ ಹಾಗೆ ಬಿಡು, ಮರೆತು ಒಳಗೆ ಉಳಿಯುವುದು ಬೇಡ.

ಈಗ ಕೆಲಸಕ್ಕೆ ಬಾ. ಮೆದುವಾದದ್ದರಿಂದ ಶುರು ಮಾಡಿ ಗಟ್ಟಿಯಾದದ್ದಕ್ಕೆ ಹೋಗಬೇಕು. ಎಲ್ಲೋ ಗೇಟಿಗೆ ಹೊಡೆದಾಗ ಗಾಳಿಯಲ್ಲಿ ಬಂದು ಕೂತ ಧೂಳಿನಂಥ ಬಣ್ಣವಾದರೆ ಬರೀ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಒರಟು ಹತ್ತಿಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ನಿನ್ನದು ಅಷ್ಟು ಹಗುರ ಅಲ್ಲ, ಆದರೂ ಒಂದು ಮೂಲೆಯಲ್ಲಿ ಮೊದಲು ಸ್ಪಿರಿಟ್, ಆಮೇಲೆ ಟರ್ಪೆಂಟೈನ್, ಆಮೇಲೆ ಥಿನ್ನರ್ ಅಥವಾ ಅಸಿಟೋನ್ ಪರೀಕ್ಷೆ ಮಾಡು. ಯಾವುದಕ್ಕೆ ಮೊದಲು ಬಗ್ಗುತ್ತದೋ ಅದರಲ್ಲೇ ಮುಂದುವರಿ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಅವು ಎಷ್ಟು ಹಳೆಯದಾದರೂ ಅಸಿಟೋನಿಗೆ ಮತ್ತೆ ಕರಗುತ್ತವೆ. ಎನಾಮಲ್ ಆದರೆ ಒಣಗುತ್ತ ರಾಸಾಯನಿಕವಾಗಿ ಬದಲಾಗಿರುತ್ತದೆ, ಕರಗುವುದಿಲ್ಲ. ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಏಳುತ್ತದೆ. ಎರಡೂ ಒಳ್ಳೆಯ ಲಕ್ಷಣವೇ.

ಅಸಿಟೋನಿನ ತೊಂದರೆ ಏನೆಂದರೆ ಬಣ್ಣ ಮೆತ್ತಗಾಗುವ ಮೊದಲೇ ಅದು ಹಾರಿಹೋಗುತ್ತದೆ. ಆಗ ಮನುಷ್ಯ ತಾಳ್ಮೆ ತಪ್ಪಿ ಉಜ್ಜಲು ಶುರು ಮಾಡುತ್ತಾನೆ. ಹಾಗೆ ಮಾಡಬೇಡ. ಹಳೆ ಪಂಚೆಯನ್ನು ಮೂರು ಬೆರಳಗಲದ ಪಟ್ಟಿಗಳಾಗಿ ಹರಿ. ಒಂದು ಪಟ್ಟಿಯನ್ನು ಅಸಿಟೋನಿನಲ್ಲಿ ಅದ್ದಿ, ಹಿಂಡಿ, ನಳಿಗೆಗೆ ಒಂದು ಗೇಣು ಉದ್ದಕ್ಕೆ ಸುತ್ತು. ಅದರ ಮೇಲೆ ಚಪಾತಿ ಸುತ್ತುವ ಅಲ್ಯುಮಿನಿಯಂ ಫಾಯಿಲನ್ನು ಬಿಗಿಯಾಗಿ ಸುತ್ತು. ಹತ್ತು ನಿಮಿಷ ಹೋಗಿ ಕಾಫಿ ಕುಡಿದು ಬಾ. ಬಿಚ್ಚಿದಾಗ ಬಣ್ಣದ ಬಹುಪಾಲು ಬಟ್ಟೆಗೆ ಅಂಟಿಕೊಂಡಿರುತ್ತದೆ. ಉಳಿದದ್ದನ್ನು ಹೊಸ ಬಟ್ಟೆಯಲ್ಲಿ, ನಳಿಗೆಯ ಉದ್ದಕ್ಕೆ, ಒಂದೇ ದಿಕ್ಕಿಗೆ ಒರೆಸು. ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ತೆಗೆದುಕೋ. ಬಣ್ಣ ಹೀರಿದ ಬಟ್ಟೆಯಿಂದಲೇ ಮತ್ತೆ ಒರೆಸಿದರೆ ಕರಗಿದ ಹಸಿರು ತೆಳ್ಳಗೆ ಹರಡಿ, ಕೆತ್ತಿದ ಅಕ್ಷರಗಳಲ್ಲಿ ಹೋಗಿ ಕೂರುತ್ತದೆ. ಆಗ ನಳಿಗೆ ತೇವದಲ್ಲಿ ಕಪ್ಪಾಗಿ ಕಾಣುತ್ತದೆ, ಒಣಗಿದ ಮೇಲೆ ಮಂಕು ಹಸಿರು. ಹೊಸಬರು ಇಲ್ಲಿಯೇ ಬ್ಲೂಯಿಂಗ್ ಹಾಳಾಯಿತು ಎಂದು ಗಾಬರಿಯಾಗುತ್ತಾರೆ. ಹಾಳಾಗಿಲ್ಲ, ಇನ್ನೊಂದು ಶುದ್ಧ ಬಟ್ಟೆ ಬೇಕು ಅಷ್ಟೆ.

ಸಂದುಗೊಂದುಗಳಿಗೆ ಬಿದಿರಿನ ಚಕ್ಕೆಯಷ್ಟು ಒಳ್ಳೆಯ ಉಪಕರಣ ಇಲ್ಲ. ಹಿತ್ತಿಲಿನ ಒಣ ಬಿದಿರನ್ನು ಬೆರಳುದ್ದ ಸೀಳಿ, ತುದಿಯನ್ನು ಉಳಿಯ ಹಾಗೆ ಹೆರೆದುಕೋ. ಮೆತ್ತಗಾದ ಬಣ್ಣವನ್ನು ಎತ್ತುವಷ್ಟು ಗಟ್ಟಿ, ಉಕ್ಕಿಗೆ ಗೀರು ಹಾಕುವಷ್ಟು ಗಟ್ಟಿಯಲ್ಲ. ಹಲ್ಲುಜ್ಜುವ ಹಳೇ ಬ್ರಷ್ಷೂ ಆಗುತ್ತದೆ. ಹಿಡಿಯ ಪ್ಲಾಸ್ಟಿಕ್ ಅಸಿಟೋನಿಗೆ ಕರಗಿ ಕೋವಿಗೆ ಅಂಟದಂತೆ ನೋಡಿಕೋ. ಚಾಕು, ಬ್ಲೇಡು, ಪಾತ್ರೆ ಉಜ್ಜುವ ಉಕ್ಕಿನ ನಾರು, ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಚಕ್ರ, ಇವನ್ನು ಆ ಕೋಣೆಗೇ ತರಬೇಡ. ಹಿತ್ತಾಳೆಯ ಬ್ರಷ್ ಮೆತ್ತಗೆ ಅನ್ನಿಸಿದರೂ ಕಪ್ಪಿನ ಮೇಲೆ ಹಳದಿ ಗೆರೆ ಬಿಡುತ್ತದೆ.

ನಂಬರಿನ ಜಾಗದಲ್ಲಂತೂ ಬಿದಿರು, ಹತ್ತಿ ಬಿಟ್ಟು ಬೇರೇನೂ ಮುಟ್ಟಿಸಬೇಡ. ಕೋವಿಯ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದು, ತಿದ್ದುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಎಲ್ಲ ನಿಜ. ಆದರೆ ವಿನಾಯಿತಿ ಇರುವುದು ಲೈಸೆನ್ಸಿಗೆ, ಗುರುತು ಅಳಿಸುವುದಕ್ಕೆ ಅಲ್ಲ. ತಾತನ ಹೆಸರಿನಿಂದ ನಿನ್ನ ಹೆಸರಿಗೆ ಕಾಗದ ಆಗಬೇಕಾದಾಗ ಅಧಿಕಾರಿ ನೋಡುವುದು ಆ ನಂಬರನ್ನೇ. ಈಗ ಪೇಂಟ್ ತುಂಬಿ ಅದು ಓದಲು ಬರುತ್ತಿಲ್ಲ ಅಂದೆಯಲ್ಲ, ಮ್ಯಾಗಜಿನ್ ಆದ ಮೇಲೆ ಅದನ್ನೇ ಮೊದಲು ಬಿಡಿಸು. ಹತ್ತಿಯ ಉಂಡೆಯನ್ನು ಅದ್ದಿ ಅದರ ಮೇಲೆ ಇಡು, ಮೆತ್ತಗಾದ ಮೇಲೆ ಚಕ್ಕೆಯ ತುದಿಯಲ್ಲಿ ಒಂದೊಂದೇ ಅಂಕೆಯ ಒಳಗಿಂದ ಎತ್ತು.

ಬೆಂಕಿಯ ವಿಷಯ ನಾನು ಗಟ್ಟಿಯಾಗಿ ಹೇಳಬೇಕು. ಅಸಿಟೋನಿನ ಆವಿ ಕೊಡಗಿನ ಚಳಿಗಾಲದಲ್ಲೂ ಹತ್ತಿಕೊಳ್ಳುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಹತ್ತಿಕೊಳ್ಳುವ ಪದಾರ್ಥ ಅದು. ಆವಿ ಗಾಳಿಗಿಂತ ಭಾರ, ನೆಲ ಹಿಡಿದು ತೆವಳಿಕೊಂಡು ಹೋಗುತ್ತದೆ. ನಮ್ಮ ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಉರಿಯುತ್ತಿರುತ್ತದೆ, ಅಡುಗೆ ಮನೆಯಲ್ಲಿ ಒಲೆ ಇದೆ. ಈ ಕೆಲಸ ಮನೆಯೊಳಗೆ ಬೇಡವೇ ಬೇಡ. ಕಾಫಿ ಕಣದ ಶೆಡ್ಡಿನಲ್ಲಿ, ನಾಲ್ಕೂ ಕಡೆ ಗಾಳಿ ಆಡುವಲ್ಲಿ, ಮೊಬೈಲ್ ಚಾರ್ಜರ್ ಸಿಕ್ಕಿಸುವ ಬೋರ್ಡಿನಿಂದ ದೂರ ಕೂತು ಮಾಡು. ಬಾಯಿ ಅಗಲದ ಪಾತ್ರೆ ಬೇಡ, ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆದುಕೋ. ಯಾರಾದರೂ ಪೆಟ್ರೋಲ್ ಸಾಕು ಅಂದರೆ ಕೇಳಬೇಡ.

ಪೇಂಟ್ ರಿಮೂವರ್ ಡಬ್ಬಿ ತರುವುದಾದರೆ ಅದರ ಮೇಲೆ ಮೆಥಿಲೀನ್ ಕ್ಲೋರೈಡ್ ಎಂದಿದೆಯೇ ನೋಡು. ಬಣ್ಣ ಬಿಡಿಸುವುದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಆವಿ ಉಸಿರಿನಲ್ಲಿ ಹೋದರೆ ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಿದವರು ಸತ್ತದ್ದರಿಂದ ಅಮೆರಿಕದಲ್ಲಿ 2019ರಲ್ಲಿ ಮನೆಬಳಕೆಯ ಡಬ್ಬಿಗಳಿಗೆ ಅದನ್ನು ನಿಷೇಧಿಸಿದರು. ನಿನ್ನ ಕೆಲಸಕ್ಕೆ ಅಷ್ಟು ಉಗ್ರವಾದದ್ದು ಬೇಕಾಗುವುದಿಲ್ಲ.

ಮ್ಯಾಗಜಿನ್ ಮತ್ತು ಸಣ್ಣ ಸ್ಕ್ರೂಗಳನ್ನು ಸ್ಟೀಲ್ ಡಬ್ಬಿಯಲ್ಲಿ ಮುಳುಗುವಷ್ಟು ಥಿನ್ನರ್ ಹಾಕಿ ಮುಚ್ಚಿಡು, ಅರ್ಧ ಗಂಟೆಯಲ್ಲಿ ತಾನೇ ಬಿಡುತ್ತದೆ. ಸ್ಪ್ರಿಂಗ್ ಮೊದಲೇ ಬಿಡಿಸಿಕೋ. ಟ್ರಿಗರಿನ ಒಳಗಿನ ಬಿಡಿಭಾಗಗಳನ್ನು ಮಾತ್ರ ಹಾಗೆ ಮುಳುಗಿಸಬೇಡ. ಕರಗಿದ ಬಣ್ಣ ಒಳಗಿನ ಪಿನ್ನುಗಳ ಸಂದಿಯಲ್ಲಿ ಹೆಪ್ಪುಗಟ್ಟಿದರೆ ಟ್ರಿಗರ್ ಅಂಟಿಕೊಂಡು ಮರಳದೆ ಹೋಗಬಹುದು. ಅದು ಅಂದಚಂದದ ಮಾತಲ್ಲ, ಜೀವದ ಮಾತು. ಅಲ್ಲಿ ಬಣ್ಣ ಇಳಿದಿದೆ ಅನ್ನಿಸಿದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಕೊಟ್ಟುಬಿಡು.

ಕೋವಿಯ ಮೇಲೆ ದೂರದರ್ಶಕ ಕೂರಿಸುವ ಕ್ಲಾಂಪು ಇದೆಯಲ್ಲ, ಅದು ಅಲ್ಯುಮಿನಿಯಂ. ಅದರ ಕಪ್ಪು ಬೇರೆ ಜಾತಿಯದು, ಹುಳಿಗೂ ಸೋಡಾಕ್ಕೂ ಎರಡಕ್ಕೂ ಹೋಗುತ್ತದೆ. ಕಾಸ್ಟಿಕ್ ಸೋಡಾ ಉಕ್ಕನ್ನು ಬಿಟ್ಟರೂ ಅಲ್ಯುಮಿನಿಯಂ ಅನ್ನು ನೊರೆ ಬರಿಸಿ ತಿನ್ನುತ್ತದೆ. ಅಲ್ಲಿ ಸ್ಪಿರಿಟ್, ಆಗದಿದ್ದರೆ ಅಸಿಟೋನ್, ಅಷ್ಟೇ. ದೂರದರ್ಶಕದ ಗಾಜಿನ ಹತ್ತಿರ ಮಾತ್ರ ಏನನ್ನೂ ತರಬೇಡ. ಗಾಜಿನ ಮೇಲಿನ ಲೇಪ, ಒಳಗಿನ ರಬ್ಬರ್ ಬಳೆ ಎರಡೂ ಸೂಕ್ಷ್ಮ.

ಮರದ ನ್ಯಾಯವೇ ಬೇರೆ. ಉಕ್ಕಿಗೆ ಸ್ನೇಹಿತನಾದ ಅಸಿಟೋನ್ ಮರಕ್ಕೆ ಶತ್ರು. ಅದು ಹಸಿರನ್ನು ತೆಳ್ಳಗೆ ಮಾಡಿ ವಾಲ್‌ನಟ್ಟಿನ ಸೂಕ್ಷ್ಮ ರಂಧ್ರಗಳ ಒಳಕ್ಕೆ ತಳ್ಳುತ್ತದೆ, ಆಮೇಲೆ ಕಪ್ಪು ಗೆರೆಗಳ ಬದಲು ಹಸಿರು ಗೆರೆಗಳು. ತಾತ ವರ್ಷ ವರ್ಷ ಅಗಸೆ ಎಣ್ಣೆ ತಿಕ್ಕುತ್ತಿದ್ದ ಮರ ಅದು, ಆ ಎಣ್ಣೆ ಒಣಗಿ ಪದರವಾಗಿ ನಿಂತಿದೆ. ಬಣ್ಣ ಕೂತಿರುವುದು ಆ ಪದರದ ಮೇಲೆ, ಹಾಗಾಗಿ ಕೆಲಸ ಅಂದುಕೊಂಡಷ್ಟು ಕಷ್ಟವಿಲ್ಲ. ಟರ್ಪೆಂಟೈನ್ ಒದ್ದೆ ಮಾಡಿದ ಬಟ್ಟೆಯನ್ನು ಅಂಗೈ ಅಗಲದ ಜಾಗಕ್ಕೆ ಇಟ್ಟು, ಕಾದು, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮರದ ಗೆರೆಯ ಉದ್ದಕ್ಕೆ ಎತ್ತು. ಗೆರೆಗೆ ಅಡ್ಡ ಹೋಗಬೇಡ. ಬಡಗಿಯವರು ಗಾಜಿನ ಚೂರಿನಿಂದ ಹೆರೆಯುತ್ತಾರೆ. ಅವರು ಹೆರೆಯುವುದು ಹೊಸ ಮರವನ್ನು. ಇಲ್ಲಿ ಹೆರೆದರೆ ತಾತನ ಕೆನ್ನೆ ತಾಗಿ ತಾಗಿ ನುಣುಪಾದ ಜಾಗ ಹೋಗುತ್ತದೆ. ಅಲ್ಲಲ್ಲಿ ಹಸಿರು ಉಳಿದರೆ ಉಳಿಯಲಿ.

ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬೇಲಿಯ ಮೇಲೆ ಹರಡು, ಇಲ್ಲವೇ ನೀರಿನಲ್ಲಿ ನೆನೆಸಿಡು.

ಬಣ್ಣ ಬಿಟ್ಟ ಉಕ್ಕು ಆ ಕ್ಷಣದಲ್ಲಿ ಪೂರ್ತಿ ಬೆತ್ತಲು. ಒಂದು ಹನಿ ಎಣ್ಣೆಯೂ ಅದರ ಮೇಲಿಲ್ಲ. ಕಕ್ಕಡದ ಮಳೆಗಾಳಿಯಲ್ಲಿ ಬರಿಗೈಯಲ್ಲಿ ಮುಟ್ಟಿ ಮಲಗಿದರೆ ಬೆಳಿಗ್ಗೆ ನಿನ್ನ ಬೆರಳಚ್ಚು ಕೆಂಪಾಗಿ ಮೂಡಿರುತ್ತದೆ. ಆದ್ದರಿಂದ ಥಿನ್ನರ್ ಪೂರ್ತಿ ಆರಿದ ಕೂಡಲೇ ಎಣ್ಣೆ ಹಚ್ಚು, ಇನ್ನೊಂದು ಭಾಗಕ್ಕೆ ಹೋಗುವ ಮೊದಲು. ಹೊಲಿಗೆ ಮೆಷಿನ್ನಿನ ಎಣ್ಣೆ ಸಾಕು. ತೆಂಗಿನೆಣ್ಣೆ ಬೇಡ, ಅದು ಕ್ರಮೇಣ ಕಮಟಿ ಅಂಟಂಟಾಗುತ್ತದೆ, ಚಳಿಗೆ ಬೋಲ್ಟಿನೊಳಗೆ ಗಟ್ಟಿಯಾಗುತ್ತದೆ. ಬಣ್ಣದ ಅಡಿಯಲ್ಲಿ ಅಲ್ಲಲ್ಲಿ ಕೆಂಪು ತುಕ್ಕಿನ ಚುಕ್ಕೆ ಕಾಣಿಸಿದರೆ ಎಣ್ಣೆಯಲ್ಲಿ ಎರಡು ದಿನ ನೆನೆಸಿ, ತಾಮ್ರದ ಹಳೇ ಕಾಸಿನ ಅಂಚಿನಿಂದ ಮೆಲ್ಲಗೆ ಎತ್ತು. ಸಣ್ಣ ಬಿಡಿಭಾಗವಾದರೆ ಇನ್ನೊಂದು ಉಪಾಯ ಉಂಟು. ಎಣ್ಣೆ ಪೂರ್ತಿ ತೆಗೆದು, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಮೇಲ್ಮೈಯ ಕೆಂಪು ತುಕ್ಕು ಕಪ್ಪಾಗಿ ಬದಲಾಗುತ್ತದೆ. ಹಳೆಯ ಇಂಗ್ಲಿಷ್ ಜೋಡುನಳಿಗೆಗಳನ್ನು ಕಪ್ಪು ಮಾಡುತ್ತಿದ್ದದ್ದೇ ಹೀಗೆ: ತುಕ್ಕು ಹಿಡಿಸಿ, ಕುದಿಸಿ, ಒರೆಸಿ, ಮತ್ತೆ ತುಕ್ಕು ಹಿಡಿಸಿ. ಆದರೆ ಕುದಿಸುವುದಕ್ಕೆ ಮೊದಲು ಥಿನ್ನರಿನ ವಾಸನೆಯೂ ಉಳಿದಿರಬಾರದು.

ನಳಿಗೆಯ ಬಾಯಿಯ ಹತ್ತಿರ, ಬೋಲ್ಟಿನ ಹಿಡಿಯ ಗುಂಡಿಯ ಮೇಲೆ ಬಿಳಿ ಉಕ್ಕು ಕಂಡರೆ ನಿನ್ನ ಕೈಯಿಂದ ಆದದ್ದು ಎಂದುಕೊಳ್ಳಬೇಡ. ಅದು ಮೊದಲಿನಿಂದಲೂ ಹಾಗೇ ಇತ್ತು, ತಾತ ಹೆಗಲಿಗೆ ಹಾಕಿಕೊಂಡು ತೋಟ ಸುತ್ತಿದ ಸವೆತ. ಅದಕ್ಕೆ ಬಾಟಲಿಯ ಬ್ಲೂಯಿಂಗ್ ತಂದು ಹಚ್ಚಲು ಹೋಗಬೇಡ. ಹೊಂದುವುದಿಲ್ಲ, ಆ ದ್ರಾವಣಗಳಲ್ಲಿ ಹೆಚ್ಚಿನವು ವಿಷ ಬೇರೆ.

ಪೂಜೆಯ ದಿನ ಗಂಧದ ಬೊಟ್ಟನ್ನು ಉಕ್ಕಿನ ಮೇಲೆ ಇಡದೆ ಮರದ ಮೇಲೆ ಇಡಿಸು. ಅರೆದ ಗಂಧದಲ್ಲಿ ನೀರಿರುತ್ತದೆ, ಒಂದು ರಾತ್ರಿ ಕೂತರೆ ಅದರದೇ ಆಕಾರದ ತುಕ್ಕಿನ ಬೊಟ್ಟು ಬೀಳುತ್ತದೆ. ನಮ್ಮ ಮನೆಯ ಒಂಟಿನಳಿಗೆಯ ಮೇಲೆ ಅಂಥ ನಾಲ್ಕು ಬೊಟ್ಟು ಇವೆ. ಹಿರಿಯರು ಉಕ್ಕಿನ ಮೇಲೆಯೇ ಇಡಬೇಕು ಅಂದರೆ ಎದುರು ಮಾತಾಡದೆ ಇಡಿಸಿ, ಅಕ್ಕಿ ಹಾಕಿ ಊಟ ಮುಗಿದ ಮೇಲೆ ಒರೆಸಿ ಎಣ್ಣೆ ಹಚ್ಚು. ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂವನ್ನು ತೆಗೆದು, ಬೋಲ್ಟ್ ಹೊರಗೆಳೆದು, ಹಿಂದಿನಿಂದ ಆಕಾಶದ ಕಡೆಗೆ ಹಿಡಿದು ನಳಿಗೆಯಲ್ಲಿ ಬೆಳಕು ಪೂರ್ತಿ ಬರುತ್ತಿದೆಯೇ ನೋಡಿದ ಮೇಲೆಯೇ ತೆಂಗಿನಕಾಯಿಗೆ ಗುಂಡು ಹೊಡೆಯಲು ಊರಿನ ಬಯಲಾದ ಮಂದ್‌ಗೆ ಹೊರಡು. ಒಂದು ಎಸಳು, ಒಂದು ಬಟ್ಟೆಯ ಚೂರು, ಒಣಗಿದ ಪೇಂಟಿನ ಒಂದು ಮುದ್ದೆ ಒಳಗಿದ್ದರೂ ನಳಿಗೆ ಸಿಡಿಯಬಹುದು.

ಮೊದಲು ಮ್ಯಾಗಜಿನ್ ಮಾಡಿ ಫೋಟೊ ಕಳಿಸು, ಹಗಲು ಬೆಳಕಿನಲ್ಲಿ ತೆಗೆದದ್ದು. ಅದು ಹೇಗೆ ಬಂದಿದೆ ನೋಡಿ ನಳಿಗೆಯ ಮಾತು ಆಡೋಣ. ಮರಕ್ಕೆ ಅಗಸೆ ಎಣ್ಣೆ ಪೇಟೆಯಲ್ಲಿ ಸಿಗದಿದ್ದರೆ ಹೇಳು, ನನ್ನ ಹತ್ತಿರ ಅರ್ಧ ಬಾಟಲಿ ಇದೆ.

ನಿನ್ನ ಮಾವ